ಬಿಸಿಯಾದಾಗ ಮಾತ್ರ ನಿಲ್ಲುವ ಕಾರಿಗೆ ಸುಮ್ನೆ ಪಂಪ್ ಹಾಕಿಸಬೇಡಿ

ಹಳೇ ಪೆಟ್ರೋಲ್ ಕಾರು ಓಡುತ್ತಿರುವಾಗಲೇ ತಾನಾಗಿ ಆಫ್ ಆಗುತ್ತಿದೆಯಾ? ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆಯಾ? ಹಾಗಿದ್ದರೆ ಗ್ಯಾರೇಜಿಗೆ ಕೊಡುವ ಮುಂಚೆ ಇದನ್ನು ಓದಿ. ಇದೇ ತೊಂದರೆಗೆ ನನ್ನಿಂದ 18,000 ರೂಪಾಯಿಗೂ ಜಾಸ್ತಿ ವಸೂಲಾಯಿತು. ಹಾಳಾಗಿದ್ದು 1,400 ರೂಪಾಯಿಯ ಒಂದು ಸೆನ್ಸರ್.

ಕಾರು 2008ರದು, ಎಂಪಿಎಫ್‌ಐ ಎಂಜಿನ್, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳು ಪೆಟ್ರೋಲ್ ಸಿಂಪಡಿಸುವಂಥದ್ದು. 15 ವರ್ಷ ತುಂಬಿದ ಮೇಲೆ ಆರ್‌ಟಿಓದಲ್ಲಿ ಆರ್‌ಸಿಯನ್ನು 5 ವರ್ಷಕ್ಕೆ ರಿನ್ಯೂ ಮಾಡಿಸಿ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಹಾಸನದ ಟ್ರಾಫಿಕ್‌ನಲ್ಲಿ ಮೊದಲ ಸಲ ಆಫ್ ಆಯಿತು. ಗ್ಯಾರೇಜಿನವರು ಬ್ಯಾಟರಿ ವೀಕ್ ಅಂದರು, ಬದಲಾಯಿಸಿದರು. ಕೆಲವು ದಿನ ಚೆನ್ನಾಗಿ ಓಡಿತು. ಮತ್ತೆ ನಿಂತಿತು. ಆಮೇಲೆ ಪ್ಲಗ್, ಇಗ್ನಿಷನ್ ಕಾಯಿಲ್. ಮತ್ತೆ ಅದೇ ಕಥೆ. ಕೊನೆಗೆ "ಪೆಟ್ರೋಲ್ ಬರ್ತಾ ಇಲ್ಲ ಸರ್, ಪಂಪ್ ಹೋಗಿದೆ" ಅಂದರು. ಟ್ಯಾಂಕ್ ಒಳಗಿನ ಪಂಪ್ ಹೊಸದಾಯಿತು.

ಎಡವಟ್ಟು ಇರುವುದೇ ಇಲ್ಲಿ. ಬಿಸಿಗೆ ಕೈಕೊಡುವ ಭಾಗ ತಣ್ಣಗಾದರೆ ಸರಿಯಾಗಿಬಿಡುತ್ತದೆ. ಗ್ಯಾರೇಜಿನಲ್ಲಿ ರಾತ್ರಿಯಿಡೀ ನಿಂತ ಕಾರಿಗೆ ನೀವು ಹೊಸ ವೈಪರ್ ಹಾಕಿದರೂ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ! ಯಾವ ಪಾರ್ಟ್ ಹಾಕಿದರೂ ಅದರಿಂದಲೇ ಸರಿಹೋಯಿತು ಅನ್ನಿಸುತ್ತದೆ. ಬಿಲ್ ಕಟ್ಟಿ ಬರುತ್ತೀರಿ.

ಪಂಪ್ ವಿಷಯ ಇನ್ನೂ ಮೋಸದ್ದು. ಎಂಪಿಎಫ್‌ಐ ಎಂಜಿನ್‌ನಲ್ಲಿ ಕ್ರ್ಯಾಂಕ್ ಸೆನ್ಸರ್ ಅಂತ ಒಂದಿದೆ. ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಹೇಳುವುದು ಅದು. ಆ ಸಿಗ್ನಲ್ ನಿಂತರೆ ಎಂಜಿನ್ನೇ ನಿಂತಿದೆ ಅಂತ ಇಸಿಯು ತಿಳಿದುಕೊಳ್ಳುತ್ತದೆ. ಸ್ಪಾರ್ಕ್ ನಿಲ್ಲಿಸುತ್ತದೆ, ಪಂಪನ್ನೂ ನಿಲ್ಲಿಸುತ್ತದೆ. ಆಗ ಸೆಲ್ಫ್ ಹೊಡೆಯುತ್ತಾ ನೋಡಿದರೆ ಪೆಟ್ರೋಲ್ ಬರುವುದಿಲ್ಲ, ನಿಜ. ಆದರೆ ಪಂಪ್ ಕೆಟ್ಟು ಅಲ್ಲ, ಅದಕ್ಕೆ ಕರೆಂಟೇ ಹೋಗುತ್ತಿಲ್ಲ. ಪ್ಲಗ್‌ನಲ್ಲಿ ಸ್ಪಾರ್ಕ್ ಇದೆಯಾ ಅಂತ ಆಗಲೇ ನೋಡಿದ್ದರೆ ಗೊತ್ತಾಗುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.

ಹೊಸ ಪಂಪ್ ಹಾಕಿಕೊಂಡ ಕಾರು ಶಿರಾಡಿ ಘಾಟಿಯಲ್ಲಿ ಕೈಕೊಟ್ಟಿತು. ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುತ್ತಿದ್ದೆ, ಹಿಂದೆ ಲಾರಿ. ಎಂಜಿನ್ ಆಫ್ ಆದರೆ ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬ್ರೇಕ್ ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಮೇಲೆ ಪೂರ್ತಿ ಬಲ ಹಾಕಬೇಕು. ಹಾಗಾಗಿ ಬ್ರೇಕ್ ಬಿಟ್ಟು ಬಿಟ್ಟು ಒತ್ತಬೇಡಿ, ಒಮ್ಮೆ ಒತ್ತಿ ಹಿಡಿದುಕೊಳ್ಳಿ. ಕಾರು ಉರುಳುತ್ತಿರುವಾಗ ಕೀ ತೆಗೆಯಲೇಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ನಾನು ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ ಮೇಲೇ ಉಸಿರು ಬಿಟ್ಟಿದ್ದು. ದುಡ್ಡು ಹೋದದ್ದಕ್ಕಿಂತ ಇದಕ್ಕೇ ನನಗೆ ಸಿಟ್ಟು ಜಾಸ್ತಿ.

ಸಕಲೇಶಪುರದಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಬಾನೆಟ್ ಎತ್ತುವ ಮುಂಚೆಯೇ ಕೇಳಿದರು: "ಆಫ್ ಆಗುವಾಗ ಆರ್‌ಪಿಎಂ ಮುಳ್ಳು ಹೇಗೆ ಬಿತ್ತು ಸರ್?" ಕಾರು ಇನ್ನೂ ಗೇರ್‌ನಲ್ಲಿ ಚಲಿಸುತ್ತಿರುವಾಗಲೇ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದಿತ್ತು. ಪೆಟ್ರೋಲ್ ಸಾಲದೆ ನಿಂತರೆ ಹಾಗಾಗುವುದಿಲ್ಲ. ಮೊದಲು ಜರ್ಕ್ ಹೊಡೆಯುತ್ತದೆ, ಎಳೆತ ಕಡಿಮೆಯಾಗುತ್ತದೆ, ಚಕ್ರ ಎಂಜಿನ್ನನ್ನು ತಿರುಗಿಸುವಷ್ಟು ಹೊತ್ತು ಮುಳ್ಳೂ ಮೇಲೇ ಇರುತ್ತದೆ. ಅವರು ಒಂದು ಪ್ಲಗ್ ಬಿಚ್ಚಿ ನೋಡಿದರು. ಸ್ಪಾರ್ಕ್ ಇಲ್ಲ. ಇಂಜೆಕ್ಟರ್‌ಗೂ ಸಿಗ್ನಲ್ ಇಲ್ಲ. "ಎರಡೂ ಒಟ್ಟಿಗೆ ಹೋಗಿವೆ ಅಂದ್ರೆ ಎರಡಕ್ಕೂ ಹುಕುಂ ಕೊಡೋನೇ ಸುಮ್ನಾಗಿದ್ದಾನೆ" ಅಂದರು. ಕ್ರ್ಯಾಂಕ್ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ಕಾದರು. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್!

(ಅಂಬಾಸಿಡರ್ ಕಾಲದವರು ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರಲ್ವಾ, ಅದು ಬೇರೆ. ಅಲ್ಲಿ ಬಿಸಿಗೆ ಪೆಟ್ರೋಲೇ ಆವಿಯಾಗಿ ಪಂಪ್ ಎಳೆಯುತ್ತಿರಲಿಲ್ಲ.)

ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತಿರಲಿಲ್ವಾ ಅಂತ ಕೇಳಬಹುದು. ನಮ್ಮಲ್ಲಿ ಓಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ) ಬಿಎಸ್ 4 ಹೊಗೆ ನಿಯಮದ ಜೊತೆ 2010ರಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಅದಕ್ಕಿಂತ ಹಳೇ ಕಾರುಗಳಲ್ಲಿ ಸಾಮಾನ್ಯ ಸ್ಕ್ಯಾನರ್ ಎಷ್ಟೋ ಸಲ ಮಾತಾಡುವುದೇ ಇಲ್ಲ. ಮಾತಾಡಿದರೂ ಈ ಸೆನ್ಸರ್ ಕೋಡ್ ಬಿಡದೇ ಇರಬಹುದು. ಹಾಗಾಗಿ ನಿಂತ ಜಾಗದಲ್ಲಿ, ನಿಂತ ಹೊತ್ತಿನಲ್ಲಿ ನೋಡುವುದೇ ಮುಖ್ಯ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬಂದರೆ ಪಂಪ್ ಜೀವಂತ ಇದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲ್ಲಾಡದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಎಂಜಿನ್ ತಿರುಗದೇ ಬರೀ ಟಕ್ ಟಕ್ ಅಂದರೆ ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್ ಕಡೆ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಟ್ರಾಫಿಕ್ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮಾತ್ರ ಆಫ್ ಆಗುತ್ತಿದ್ದರೆ ಮೊದಲು ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಅಲ್ಲಿ ಕಾರ್ಬನ್ ಕೂತಿರುತ್ತದೆ.

ಸೆನ್ಸರ್ ಹಾಕಿಸುವಾಗ ಅದರ ಕನೆಕ್ಟರ್, ವೈರ್ ಕೂಡ ನೋಡಿಸಿ. ಬಿಸಿಗೆ ವೈರಿನ ಮೇಲಿನ ಹೊದಿಕೆ ಒಡೆದಿದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ತೊಂದರೆ. ಡೂಪ್ಲಿಕೇಟ್ ಸೆನ್ಸರ್ ಬೇಡ.

ಗ್ಯಾರೇಜಿಗೆ ಒಂದು ಮಾತು ಮೊದಲೇ ಹೇಳಿ: ಕಾರನ್ನು ಬಿಸಿ ಮಾಡಿ, ಆಫ್ ಆಗುವವರೆಗೆ ಓಡಿಸಿ, ಆಗ ಸ್ಪಾರ್ಕ್ ಮತ್ತು ಪೆಟ್ರೋಲ್ ಎರಡನ್ನೂ ನೋಡಿದ ಮೇಲೇ ಪಾರ್ಟ್ ಬದಲಾಯಿಸಿ. ಅಷ್ಟು ಹೊತ್ತು ಇಲ್ಲ ಅಂದರೆ ಬೇರೆ ಗ್ಯಾರೇಜ್ ಹುಡುಕಿ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಬೇಕು ಅಂತಲೂ ಹೇಳಿಡಿ. ನಾನು ಬಿಲ್ ಹಿಡಿದುಕೊಂಡು ಹಳೇ ಪಂಪ್ ಕೇಳಲು ಹೋದಾಗ "ಅದು ಗುಜರಿಗೆ ಹೋಯ್ತಲ್ಲ ಸರ್" ಅಂದರು. ಅದು ಚೆನ್ನಾಗಿತ್ತು ಅಂತ ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ.