ಶಿಕಾಗೋ 1968, ಕಾನ್ಸಾಸ್ ಸಿಟಿ 1976: ಯಾವುದನ್ನು ನೋಡುವುದು?

ಅಮೆರಿಕದ ಪಕ್ಷವೊಂದು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಬಗೆಯನ್ನು ಹಳೆಯ ದೃಶ್ಯಾವಳಿಯಲ್ಲಿ ನೋಡಬಯಸುವವರಿಗೆ ನಾನು ಹೇಳುವುದು ಎರಡೇ ಸಮಾವೇಶ. 2024ರದ್ದು ಬೇಡ, ಕಮಲಾ ಹ್ಯಾರಿಸ್ ಅವರಿಗೆ ರಾಜ್ಯಗಳ ಪಕ್ಷ ಪ್ರತಿನಿಧಿಗಳು ಆನ್‌ಲೈನ್‌ನಲ್ಲಿ ಮೊದಲೇ ಮತ ಹಾಕಿಯಾಗಿತ್ತು, ಶಿಕಾಗೋದಲ್ಲಿ ನಡೆದದ್ದು ಬರೀ ಆರತಕ್ಷತೆ.

1968ರ ಡೆಮಾಕ್ರಟಿಕ್ ಸಮಾವೇಶದ ಕಾವೆಲ್ಲ ಬೀದಿಯಲ್ಲಿದೆ: ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಲಾಠಿ, ಅಶ್ರುವಾಯು. ಒಳಗೆ, ಪ್ರೈಮರಿಗಳಲ್ಲಿ, ಅಂದರೆ ಅಭ್ಯರ್ಥಿ ಯಾರಾಗಬೇಕೆಂದು ರಾಜ್ಯಗಳ ಮತದಾರರು ಮತ ಹಾಕುವ ಚುನಾವಣೆಗಳಲ್ಲಿ, ಸ್ಪರ್ಧಿಸದೇ ಇದ್ದ ಆಗಿನ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಮೊದಲ ಸುತ್ತಿನಲ್ಲೇ ಗೆದ್ದರು. ಆ ಸಿಟ್ಟಿನಿಂದಲೇ ಪಕ್ಷದ ನಿಯಮಗಳು ಬದಲಾದವು.

1976ರ ರಿಪಬ್ಲಿಕನ್ನರಲ್ಲಿ ಲಾಠಿಯಿಲ್ಲ, ಲೆಕ್ಕವಿದೆ. ಅಭ್ಯರ್ಥಿಯಾಗಲು ಬೇಕಾದದ್ದು ಪ್ರತಿನಿಧಿಗಳ 1130 ಮತ. ರಾಜ್ಯದ ಹೆಸರು ಕೂಗಿದಂತೆಲ್ಲ ಮೈಕಿನಲ್ಲಿ ಅಂಕಿ ಬರುತ್ತದೆ, ನೋಡುವವರೂ ಬೆರಳು ಮಡಚತೊಡಗುತ್ತಾರೆ. ಅಕ್ಷರಮಾಲೆಯ ಬಾಲದಲ್ಲಿರುವ ವೆಸ್ಟ್ ವರ್ಜೀನಿಯಾದವರೆಗೂ ಹಾಲಿ ಅಧ್ಯಕ್ಷ ಫೋರ್ಡ್ ಗಡಿ ದಾಟಲಿಲ್ಲ! ಕೊನೆಗೆ ಅವರಿಗೆ 1187, ಎದುರಾಳಿ ರೊನಾಲ್ಡ್ ರೇಗನ್‌ಗೆ 1070. ಮುಕ್ತಾಯದ ರಾತ್ರಿ ಗೆದ್ದವರೇ ಸೋತವರನ್ನು ವೇದಿಕೆಗೆ ಕರೆದರು. ರೇಗನ್ ಚೀಟಿಯಿಲ್ಲದೆ ಮಾತನಾಡಿದರು.

ಪುರುಸೊತ್ತಿದ್ದರೆ 1976 ನೋಡಿ, ನನ್ನ ಮತ ಅದಕ್ಕೇ. ಇಲ್ಲದಿದ್ದರೆ 1968ರ ಆಗಸ್ಟ್ 28ರ ರಾತ್ರಿಯೊಂದೇ ಸಾಕು.