ಹಳೇ ಗೇರ್ ಸೈಕಲ್ಲಿಗೆ 9 ಸ್ಪೀಡ್ ಚೈನು: ಕೆಎಮ್‌ಸಿ ಎಕ್ಸ್9, ಎರಡು ಬ್ಯಾಸಗಿ ದಾಟಿದ ಮ್ಯಾಲ

ಮೊದ್ಲ ಹೇಳಿಬಿಡ್ತೀನಿ, ಚೈನು ಚಲೋ ಐತಿ, ನನ್ನ ಕಡೆಯಿಂದ ಐದಕ್ಕ ನಾಕೂವರಿ. ಆದ್ರ ರೇಟಿಂಗ್ ನೋಡಿ ಚೈನು ತಗೊಂಡ್ರ ಆಗಂಗಿಲ್ಲ, ನಿಮ್ಮ ಸೈಕಲ್ ಹಿಂದ ಎಷ್ಟು ಗೇರ್ ಚಕ್ರ ಅದಾವ ಅಂತ ಎಣಿಸಿ ತಗೋಬೇಕು, ಹಿಂದ ಎಷ್ಟು ಚಕ್ರವೋ ಅಷ್ಟು ಸ್ಪೀಡ್. ಮುಂದಿನ ಕ್ರ್ಯಾಂಕ್, ಅಂದ್ರ ಪೆಡಲ್ ಕಡೆ ಹಲ್ಲಿನ ಚಕ್ರದ ಸೆಟ್ಟು, ಎಷ್ಟು ಹಳೇದು ಅನ್ನೋದು ಅಷ್ಟು ಮುಖ್ಯ ಅಲ್ಲ.

ನಂದು ಕಾಲೇಜಿನ ಟೈಮಿನ ಎಂಟಿಬಿ (ಮೌಂಟನ್ ಬೈಕು), ಸ್ಟೀಲ್ ಫ್ರೇಮ್. ಮುಂದ 42-34-24 ಹಲ್ಲಿನ ಮೂರು ಚಕ್ರ, ಹಿಂದ 7 ಸ್ಪೀಡ್ ಫ್ರೀವೀಲ್ 14-28, ಅಂದ್ರ ಸಣ್ಣ ಚಕ್ರಕ್ಕ 14 ಹಲ್ಲು, ದೊಡ್ಡದಕ್ಕ 28. ಈ ಫ್ರೀವೀಲ್ ಹಬ್ಬಿಗೆ ಥ್ರೆಡ್ ಮ್ಯಾಲ ತಿರುಗಿಸಿ ಕೂಡಿಸಿದ್ದು, ಆ ಹಬ್ಬಿನ ಮ್ಯಾಲ ಕ್ಯಾಸೆಟ್ (ಜಾರಿಸಿ ಕೂಡಿಸೋ ಗೇರ್ ಚಕ್ರದ ಸೆಟ್ಟು) ಕೂಡಂಗೇ ಇಲ್ಲ, ಹಂಗಾಗಿ ಹಿಂದಿನ ವೀಲೇ ಫ್ರೀಹಬ್, ಅಂದ್ರ ಕ್ಯಾಸೆಟ್ ಕೂಡೋ ಹಬ್ಬು, ಇರೋದು ತಗೊಂಡೆ, ಫ್ರೇಮಿನ ಹಿಂದಿನ ಗ್ಯಾಪು 135 ಮಿಲಿಮೀಟರ್ ಇತ್ತು, ಸೀದಾ ಕುಂತಿತು. ಅದಕ್ಕ 11-32ರ 9 ಸ್ಪೀಡ್ ಕ್ಯಾಸೆಟ್ಟು, ಹ್ಯಾಂಡಲ್ಲಿಗೆ ಗೇರ್ ಬದಲಿಸೋ 9ರ ಶಿಫ್ಟರು. ಚೈನು ಒಂದು ಚಕ್ರದಿಂದ ಇನ್ನೊಂದಕ್ಕ ಸರಿಸೋ ಹಿಂದಿನ ಡಿರೇಲರ್ ಹಳೇ ಶಿಮಾನೊ ಕಂಪನಿದ್ದ ಉಳಿಸೀನಿ. ಶಿಮಾನೊದ ಹಳೇ ಎಂಟಿಬಿ ಡಿರೇಲರ್‌ಗಳು 7, 8, 9 ಮೂರಕ್ಕೂ ಕೇಬಲ್ ಎಳದಷ್ಟಕ್ಕ ಒಂದ ಲೆಕ್ಕದಾಗ ಸರೀತಾವ, ಗೇರ್ ಎಣಿಸೋ ಕೆಲಸ ಶಿಫ್ಟರಿಂದು. 10 ಸ್ಪೀಡಿನಿಂದ ಎಂಟಿಬಿಯಾಗ ಆ ಲೆಕ್ಕ ಬದಲಾತು, ಅದಕ್ಕ ನಾನು 9ಕ್ಕ ನಿಂತೆ.

ಈಗ ಚೈನಿಗೆ ಬರೋಣು. ನಮ್ಮ ವಿಜಯಪುರದ ಗಾಂಧಿ ಚೌಕ್ ಕಡೆ ಒಂದು ಅಂಗಡ್ಯಾಗ ಕಾಕಾ 8 ಸ್ಪೀಡಿನ ಚೈನು ತಗದು ಮುಂದ ಇಟ್ರು. "ತಮ್ಮಾ, ಎಲ್ಲಾ ಅರ್ಧ ಇಂಚಿಂದ, ಅಳತಿ ಒಂದ, ಹಾಕ್ಕೊಂಡು ಹೋಗು." ಕಾಕಾ ಹೇಳಿದ್ದು ಅರ್ಧ ಖರೆ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದ್ರ 12.7 ಮಿಲಿಮೀಟರ್, ಇದು ಹಾಲಿನ ಕ್ಯಾನ್ ಹೊರೋ ಸಾದಾ ಸೈಕಲ್ಲಿಗೂ ಅಷ್ಟ, ನಮ್ಮೂರ ರೇಸಿಂಗ್ ಹುಡುಗ್ರ ಸೈಕಲ್ಲಿಗೂ ಅಷ್ಟ. ಫರಕು ಇರೋದು ಅಗಲದಾಗ. ಸಾದಾ ಸೈಕಲ್ ಚೈನಿನ ಒಳ ಅಗಲ 1/8 ಇಂಚು, 6-7-8 ಸ್ಪೀಡಿಂದು 3/32, 9ಕ್ಕ 11/128. ಅದಕ್ಕಿಂತ ಮುಖ್ಯ ಹೊರಗಿನ ಅಗಲ: 8 ಸ್ಪೀಡಿನ ಚೈನು ಪಿನ್ ತುದಿಯಿಂದ ತುದಿಗೆ 7 ಮಿಲಿಮೀಟರ್ ದಾಟತೈತಿ, ಎಕ್ಸ್9 ಬರೇ 6.6. 9ರ ಕ್ಯಾಸೆಟ್ಟಿನಾಗ ಚಕ್ರಗಳು ಹತ್ತಿರ ಹತ್ತಿರ ಇರ್ತಾವ, ಅಗಲ ಚೈನು ಹಾಕಿದ್ರ ಬಾಜೂ ಚಕ್ರಕ್ಕ ತಿಕ್ಕಿ ಕರಕರ ಅಂತೈತಿ, ಗೇರು ಎಲ್ಲಿ ನಿಲ್ಲಬೇಕು ಅಲ್ಲಿ ನಿಲ್ಲಂಗಿಲ್ಲ. ಉಲ್ಟಾ ಮಾಡಿದ್ರ ನಡೀತೈತಿ, 8ರ ಕ್ಯಾಸೆಟ್ಟಿಗೆ 9ರ ಚೈನು ಓಡ್ತೈತಿ, ರೊಕ್ಕ ಜಾಸ್ತಿ ಅಷ್ಟ.

ಹಳೇ ಕ್ರ್ಯಾಂಕ್ ಮ್ಯಾಲ ಕಿರಿದಾದ ಚೈನು ಕೂಡ್ತೈತೋ ಇಲ್ಲೋ ಅಂತ ಭಾಳ ಮಂದಿ ಕೇಳ್ತಾರ. ಕೂಡ್ತೈತ್ರಿ, ಹಲ್ಲಿನ ಮ್ಯಾಲ ಆರಾಮ ಕೂಡ್ತೈತಿ. ಒಂದ ಏನಂದ್ರ ಮುಂದಿನ ಮೂರು ಚಕ್ರದ ನಡುವಿನ ಸಂದಿ ಅಗಲ ಚೈನಿನ ಅಳತಿಗೆ ಮಾಡಿದ್ದು, ಹಂಗಾಗಿ 34ರಿಂದ 24ಕ್ಕ ಇಳಿಸೋವಾಗ ಒಮ್ಮೊಮ್ಮೆ ಚೈನು ಸಂದ್ಯಾಗ ಕ್ಷಣ ತೇಲಿದಂಗ ಆಗ್ತೈತಿ, ಪೆಡಲ್ ಮ್ಯಾಲ ಜೋರು ಹಾಕದ ಇಳಿಸಿದ್ರ ಹಂಗ ಆಗಂಗಿಲ್ಲ. ಇದು ಚೈನಿನ ತಪ್ಪಲ್ಲ. ವಿಜಯಪುರದಾಗ 24 ಎಲ್ಲಿ ಬೇಕಾಗ್ತೈತಿ ಅಂತೀರಿ, ಏರಿಗಿಂತ ಎದುರುಗಾಳಿಗೆ ಬೇಕು, ತಿಕೋಟಾ ರೋಡಿನಾಗ ಮಧ್ಯಾಹ್ನ ಹೋಗಿ ನೋಡ್ರಿ.

ಉದ್ದದ ವಿಷಯ ಹುಷಾರು. ಹಳೇ ಚೈನು ಬಾಜೂಕ ಇಟ್ಟು ಅಷ್ಟಕ್ಕ ಕತ್ತರಿಸಿಬಿಡಬ್ಯಾಡ್ರಿ, ಯಾಕಂದ್ರ 28ರ ಜಾಗಾದಾಗ ಈಗ 32 ಬಂದಿರ್ತೈತಿ. ಡಿರೇಲರ್ ಒಳಗ ಹಾಯಿಸದ ಮುಂದಿನ ದೊಡ್ಡದು ಹಿಂದಿನ ದೊಡ್ಡದು ಎರಡರ ಮ್ಯಾಲ ಸುತ್ತಿ, ತುದಿ ಕೂಡೋ ಜಾಗಾಕ್ಕ ಇನ್ನೊಂದು ಇಂಚು ಅಂದ್ರ ಎರಡು ಲಿಂಕ್ ಜಾಸ್ತಿ ಬಿಟ್ಟು ಕತ್ತರಿಸ್ರಿ. ಗಿಡ್ಡ ಆದ್ರ ದೊಡ್ಡ-ದೊಡ್ಡ ಗೇರಿಗೆ ಹೋದಾಗ ಡಿರೇಲರ್ ಹರಕೊಂಡು ಬರ್ತೈತಿ.

ಇನ್ನ ನಮ್ಮ ಎರಿ ಮಣ್ಣಿನ ಧೂಳು. ಹೊಲದ ದಾರಿ ಹಿಡದು ಓಡಾಡೋರು ಎಣ್ಣಿ ಜಾಸ್ತಿ ಸುರೀಬ್ಯಾಡ್ರಿ, ಧೂಳು ಕುಂತು ಮಸಾಲಿ ಅರದಂಗ ರೋಲರ್ ಒಳಗ ಅರೀತೈತಿ, ಗಾಡಿ ಇಂಜಿನ್ ಆಯಿಲ್ ಅಂತೂ ಬ್ಯಾಡs ಬ್ಯಾಡ. ಎಕ್ಸ್9 ಜೋಡಿ ಮಿಸ್ಸಿಂಗ್ ಲಿಂಕ್, ಅಂದ್ರ ಚೈನು ಬಿಚ್ಚಿ ಕೂಡಿಸೋ ಲಿಂಕು, ಬರ್ತೈತಿ, ಪಕ್ಕಡ್ ಹಾಕಿ ಒತ್ತಿದ್ರ ಬಿಚ್ಚತೈತಿ, ಬಾಟ್ಲಿಯಾಗ ಡೀಸೆಲ್ ಹಾಕಿ ಚೈನು ಕುಲುಕಿ ತೊಳದು ಒಣಗಿಸಿ ರೋಲರಿಗೆ ಒಂದೊಂದ ಹನಿ ಲ್ಯೂಬ್ ಬಿಡ್ತೀನಿ, ಮ್ಯಾಲಿಂದು ಅರಿವಿಲೆ ಒರಸ್ತೀನಿ. ಮಳಿಗಾಲದಾಗ ಎರಿ ಕೆಸರು ಹತ್ತಿದ್ರ ಆವತ್ತs ತೊಳೀಬೇಕು, ಒಣಗಿದ ಮ್ಯಾಲ ಅದು ಬಿಡಂಗಿಲ್ಲ.

ಸವದೈತೋ ಇಲ್ಲೋ ನೋಡಾಕ ಸ್ಪೆಷಲ್ ಟೂಲ್ ಬೇಕಾಗಿಲ್ಲ, ಸ್ಟೀಲ್ ಸ್ಕೇಲು ಸಾಕು. ಹೊಸ ಚೈನಿನಾಗ 24 ಲಿಂಕ್ ಅಂದ್ರ ಸರಿಯಾಗಿ 12 ಇಂಚು. ಅದು 1/16 ಇಂಚು ಹೆಚ್ಚಾತಂದ್ರ ಚೈನು ಬದಲಿ ಮಾಡ್ರಿ, 1/8 ಆಗೋ ತನಕ ಬಿಟ್ರ ಕ್ಯಾಸೆಟ್ಟೂ ಹೋಗಿರ್ತೈತಿ. ತೊರವಿ ಕಡೆ ದೋಸ್ತ ಒಬ್ಬಾಂವ ಸವದ ಹಳೇ ಫ್ರೀವೀಲಿಗೆ ಹೊಸ ಚೈನು ಹಾಕಿದ್ದ, ಜೋರು ತುಳದಾಗೆಲ್ಲಾ ಹಲ್ಲು ಹಾರಿ ಪೆಡಲ್ ಜಾರ್ತಿತ್ತು, ಚೈನು ಡುಪ್ಲಿಕೇಟ್ ಅಂತ ಬೈಕೋತ ಕುಂತಿದ್ದ, ಫ್ರೀವೀಲ್ ಬದಲಿ ಮಾಡಿದ ಮ್ಯಾಲ ಅದs ಚೈನು ಸುಮ್ಮನ ಓಡಾಕತ್ತು.

7 ಇಲ್ಲಾ 8 ಸ್ಪೀಡ್ ಇದ್ದು ಅಲ್ಲೇ ಇರೋರಿಗೆ ಎಕ್ಸ್9 ಬ್ಯಾಡ, ಅದs ಕಂಪನಿದು ಜೆಡ್8 ಇಲ್ಲಾ ಶಿಮಾನೊ ಎಚ್‌ಜಿ40 ಸಾಕು, ಉಳಿದ ರೊಕ್ಕದಾಗ ಒಂದು ಬ್ರೇಕ್ ಕೇಬಲ್ ಹಾಕಿಸ್ರಿ. ನಂದು ಈಗ 1/16ರ ಹತ್ರ ಬಂದೈತಿ, ಕ್ಯಾಸೆಟ್ಟಿನ ಹಲ್ಲು ಇನ್ನೂ ಚೂಪಾಗಿಲ್ಲ, ದೀಪಾವಳಿ ಒಳಗ ಇನ್ನೊಂದು ಎಕ್ಸ್9 ತರಸ್ತೀನಿ.