ಡಾಕರ್ ಇಂಜಿನ್: ನಾಲ್ಕು ಜನ ಲಾಗಿನ್ ಆಗುವ ಸರ್ವರ್‌ಗೆ ಸರಿಯೇ?

ದಾವಣಗೆರೆ ಎಪಿಎಂಸಿ ಹತ್ತಿರ ಒಂದು ಸಣ್ಣ ಆಫೀಸಿನ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ದಲಾಲಿ ಅಂಗಡಿಗಳ ಬಿಲ್, ತೂಕದ ಚೀಟಿ, ರೈತರ ಲೆಕ್ಕ, ಎಲ್ಲವೂ ಡಾಕರ್ ಕಂಟೇನರ್‌ಗಳಲ್ಲಿ, ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ಇಟ್ಟ ಪ್ರತ್ಯೇಕ ಪೆಟ್ಟಿಗೆಗಳಲ್ಲಿ, ಓಡುತ್ತವೆ. ಮೆಕ್ಕೆಜೋಳದ ಸೀಸನ್‌ನಲ್ಲೂ ಕೈಕೊಟ್ಟಿಲ್ಲ. ಹೊಸ ಮೆಷಿನ್‌ಗೆ ಎಲ್ಲವನ್ನೂ ಎತ್ತಿಕೊಂಡು ಹೋಗೋದೂ ಸಲೀಸು. ಅಷ್ಟಕ್ಕೆ ಪೂರ್ತಿ ಅಂಕ.

ನನ್ನ ತಕರಾರು ಬೇರೆ. ಈ ಸರ್ವರ್‌ಗೆ ಟ್ರೈನಿ ಹುಡುಗರಿಗೂ ಲಾಗಿನ್ ಇದೆ. ಇದನ್ನು ಮೊದಲು ಕೂರಿಸಿಕೊಟ್ಟವರು ಡಾಕರ್‌ನ 20.10.7 ಆವೃತ್ತಿ ಹಾಕಿ ಹೋಗಿದ್ದರು, ಆಮೇಲೆ ಯಾರೂ ಮುಟ್ಟಿರಲಿಲ್ಲ. 2021ರಲ್ಲಿ ಹೊರಬಂದ ಸಿವಿಇ-2021-41091 (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಗಳಿಗೆ ಕೊಡುವ ನಂಬರ್) ಎಂಬ ದೋಷ ಆ ಆವೃತ್ತಿಯಲ್ಲಿದೆ. ಡಾಕರ್ ತನ್ನ ಸಾಮಾನೆಲ್ಲ ಇಡುವ ಫೋಲ್ಡರ್‌ನ ಪರ್ಮಿಷನ್ ಸಡಿಲವಾಗಿತ್ತು. ಪರ್ಮಿಷನ್ ನಂಬರಿನಲ್ಲಿ ಉಳಿದೆಲ್ಲ ಬಳಕೆದಾರರ ಹಕ್ಕು ಹೇಳುವ ಕೊನೆಯ ಅಂಕಿ 1. ಅಂದರೆ ಒಳಗೇನಿದೆ ಅಂತ ಪಟ್ಟಿ ತೆಗೆಯೋಕೆ ಆಗಲ್ಲ, ಆದರೆ ದಾರಿ ಗೊತ್ತಿದ್ದರೆ ಯಾರು ಬೇಕಾದರೂ ನುಗ್ಗಬಹುದು. ಆ ಉದ್ದನೆಯ ದಾರಿ ಗೊತ್ತಾಗೋದು ಹೇಗೆ ಅಂತೀರಾ? ಯಾವ ಫೋಲ್ಡರ್ ಎಲ್ಲಿ ಜೋಡಣೆಯಾಗಿದೆ ಅಂತ ಹೇಳುವ ಮೌಂಟ್ ಕಮಾಂಡ್ ಕೊಟ್ಟರೆ ಲಿನಕ್ಸೇ ತೋರಿಸಿಬಿಡುತ್ತದೆ!

ಈಗ ನಮ್ಮ ಆಫೀಸನ್ನೇ ನೋಡಿ. ಟ್ರೈನಿಗೆ ಹೊರಗೆ ಸಾಮಾನ್ಯ ಲಾಗಿನ್ ಮಾತ್ರ. ಆದರೆ ಅವನೇ ಕಟ್ಟಿದ ಇಮೇಜ್‌ನ (ಕಂಟೇನರ್ ಶುರುವಾಗುವ ಅಚ್ಚಿನ) ಒಳಗೆ ಅವನೇ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ. ಅಲ್ಲಿ ಒಂದು ಪ್ರೋಗ್ರಾಂಗೆ ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಪ್ರೋಗ್ರಾಂ ತನ್ನ ಮಾಲೀಕನ ಅಧಿಕಾರದಲ್ಲೇ ಓಡುವಂತೆ ಮಾಡುವ ಗುರುತು) ಹಾಕಿಟ್ಟರೆ ಸಾಕು. ನಾನು ಆ ಕಂಟೇನರ್ ಚಾಲೂ ಮಾಡುತ್ತೇನೆ, ಅವನು ಹೊರಗಿನಿಂದ ಅದೇ ಪ್ರೋಗ್ರಾಂ ಓಡಿಸುತ್ತಾನೆ, ಇಡೀ ಸರ್ವರ್ ಅವನದು. ದೋಷದ ತೀವ್ರತೆ ಮಧ್ಯಮ ಅಂತ ದಾಖಲಾಗಿದೆ. ಒಬ್ಬರೇ ಬಳಸುವ ಮೆಷಿನ್‌ಗೆ ಆ ಮಾತು ಒಪ್ಪಬಹುದು. ಕಾಲೇಜ್ ಲ್ಯಾಬ್‌ಗೆ, ನಮ್ಮಂಥ ಆಫೀಸಿಗೆ ಮಧ್ಯಮ ಅಲ್ಲವೇ ಅಲ್ಲ.

20.10.9ರಲ್ಲಿ ಇದನ್ನು ಸರಿ ಮಾಡಿದ್ದಾರೆ. ಡಾಕರ್‌ನ ಕೆಳಗೆ ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿಯಲ್ಲೂ ಇದೇ ಜಾತಿಯ ದೋಷವಿತ್ತು, ಅದಕ್ಕೆ 1.4.11 ಮತ್ತು 1.5.7 ಬಂದವು. ಅಪ್‌ಡೇಟ್ ಸುಲಭ. ಆದರೆ ಓಡುತ್ತಿರುವ ಕಂಟೇನರ್‌ಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೇನೇ ಅವುಗಳ ಪರ್ಮಿಷನ್ ಸರಿಹೋಗುತ್ತದೆ. ಜಾಸ್ತಿ ಜನ ಬಿಟ್ಟುಬಿಡೋದು ಇದನ್ನೇ. ಲಾರಿ ತೂಕಕ್ಕೆ ನಿಂತಿರುವಾಗ ಬಿಲ್ಲಿಂಗ್ ನಿಲ್ಲಿಸಿ ಅಂದರೆ ಯಾವ ಸಾಹುಕಾರರೂ ಕೇಳಲ್ಲ, ಅಲ್ವಾ? ಯಾರ್ಡ್‌ಗೆ ರಜೆ ಇರುವ ದಿನ ನೋಡಿಕೊಂಡು ಮಾಡಿ. ಇನ್ನೊಂದು, ಉಬುಂಟುವಿನಂಥವರು ಹಳೆ ಆವೃತ್ತಿಗೇ ಪ್ಯಾಚ್ ಸೇರಿಸುವುದುಂಟು. ಬರೀ ನಂಬರ್ ನೋಡಿ ಗಾಬರಿಯಾಗಬೇಡಿ, ಪ್ಯಾಕೇಜ್‌ನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಓದಿ.

ನಿಮ್ಮೊಬ್ಬರದೇ ಸರ್ವರ್ ಆದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹಂಚಿಕೊಂಡದ್ದಾದರೆ ಮೂರು, ಅದೂ ರೂಟ್‌ಲೆಸ್ ಮೋಡ್‌ನಲ್ಲಿ, ಅಂದರೆ ಡಾಕರ್‌ಗೆ ರೂಟ್ ಅಧಿಕಾರ ಕೊಡದೆ, ಓಡಿಸಿದರೆ. ಅದು 20.10ರಿಂದಲೇ ಪ್ರಯೋಗದ ಹಂತ ದಾಟಿದೆ. ಒಂದೇ ಕಿರಿಕಿರಿ, 1024ಕ್ಕಿಂತ ಕೆಳಗಿನ ಪೋರ್ಟ್‌ಗಳು (ನೆಟ್‌ವರ್ಕ್ ಸಂಪರ್ಕದ ಬಾಗಿಲ ನಂಬರ್‌ಗಳು) ಹಾಗೇ ಸಿಗಲ್ಲ. ನಮ್ಮ ಬಿಲ್ಲಿಂಗ್ 8080ರಲ್ಲಿ ಆರಾಮಾಗಿದೆ.